ನೆಲದ ಮೇಲಿಡುವ ಪೂಲ್: ಎಷ್ಟು ವ್ಯಾಕ್ಯೂಮ್ ಮಾಡಿದರೂ ಬೆಳಿಗ್ಗೆ ತಳದಲ್ಲಿ ಮತ್ತೆ ಮಡ್ಡಿ. ಯಾವ ವ್ಯಾಕ್ಯೂಮ್ ತಗೊಳ್ಳಲಿ?

ತುರಹಳ್ಳಿ_ಪಕ್ಕ
ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ತಲಘಟ್ಟಪುರದ ಹತ್ತಿರ. ಪಕ್ಕದ ನಮ್ಮದೇ ಖಾಲಿ ಸೈಟಿನಲ್ಲಿ ಮಕ್ಕಳಿಗೆ ಅಂತ ಸ್ಟೀಲ್ ಫ್ರೇಮಿನ ಪೂಲ್ ನಿಲ್ಲಿಸಿದ್ದೀವಿ. 12 ಅಡಿ ಅಗಲದ ದುಂಡು ತೊಟ್ಟಿ, 30 ಇಂಚು ಎತ್ತರ, ಸುಮಾರು 6,500 ಲೀಟರ್ ಹಿಡಿಯತ್ತೆ. ಜೊತೆಗೆ ಬಂದ ಕಾರ್ಟ್ರಿಡ್ಜ್ ಫಿಲ್ಟರ್ ಪಂಪು ಗಂಟೆಗೆ 2,000 ಲೀಟರಿನದು. ನೀರು ನಮ್ಮ ಬೋರಿನದೇ.

ಸಂಜೆ ಗಾರ್ಡನ್ ಪೈಪಿಗೆ ಸಿಕ್ಕಿಸೋ ವ್ಯಾಕ್ಯೂಮ್ ಹಿಡಿದು ತಳ ಪೂರ್ತಿ ಎಳೀತೀನಿ. ಎಲೆ, ಹೊಂಗೆ ಹೂವು ಎಲ್ಲ ಚೀಲಕ್ಕೆ ಬರತ್ತೆ. ಬೆಳಿಗ್ಗೆ ನೋಡಿದ್ರೆ ತಳದಲ್ಲಿ ಬೂದು ಮಿಶ್ರಿತ ಹಸಿರು ಪುಡಿ ಹಾಸಿಕೊಂಡಿರತ್ತೆ, ಕಾಂಪೌಂಡಿನ ನೆರಳು ಬೀಳೋ ಕಡೆ ಜಾಸ್ತಿ. ಕಾಲಿಟ್ಟರೆ ಹೊಗೆಯ ಹಾಗೆ ಏಳತ್ತೆ. ಹಾರ್ಡ್‌ವೇರ್ ಅಂಗಡಿಯ ಬ್ಲೀಚಿಂಗ್ ಪುಡಿಯನ್ನು ವಾರದಲ್ಲಿ ಒಂದೆರಡು ಸಲ ನೇರವಾಗಿ ಎರಚ್ತೀವಿ.

ನೀರು ಚೆಲ್ಲಿ ಹೊಸದಾಗಿ ತುಂಬೋದಕ್ಕೆ ನನಗೆ ಮನಸ್ಸಿಲ್ಲ. ಆನ್‌ಲೈನ್‌ನಲ್ಲಿ ಬ್ಯಾಟರಿ ವ್ಯಾಕ್ಯೂಮ್, ರೋಬೋಟು, ಉದ್ದ ಕೋಲಿನ ಕಿಟ್ಟು ಎಲ್ಲ ಇದೆ. ಉಪಯೋಗಿಸಿದವರು ಯಾವುದು ತಗೊಳ್ಳಬಹುದು ಹೇಳಿ.

ರಾಜಾಜಿನಗರ_5ನೇ_ಬ್ಲಾಕ್
ರೋಬೋಟ್ ತಗೊಳ್ಳಿ ಸಾರ್. ಒಳಗೆ ಬಿಟ್ಟು ನಿಮ್ಮ ಕೆಲಸಕ್ಕೆ ಹೋಗಬಹುದು. ನಮ್ಮ ಅಕ್ಕನ ಮನೆಯಲ್ಲಿದೆ, ಚೆನ್ನಾಗಿ ಕೆಲಸ ಮಾಡತ್ತೆ.

ಅಮ್ಮ_ಆಫೀಸ್_ಮನೆ
@ರಾಜಾಜಿನಗರ ನಿಮ್ಮ ಅಕ್ಕನ ಮನೇದು ಟೈಲ್ಸ್ ಹಾಕಿದ ಕೊಳ ಇರಬೇಕು. ಫ್ರೇಮ್ ಪೂಲಿನ ತಳ ಸಪಾಟಾಗಿರಲ್ಲ. ಶೀಟು ಅಲ್ಲಲ್ಲಿ ಮಡಿಕೆ ಬಿದ್ದಿರತ್ತೆ. ನಾವು ತಂದ ಸಣ್ಣ ರೋಬೋಟು ಪ್ರತಿ ಮಡಿಕೆಗೂ ಸಿಕ್ಕಿಕೊಂಡು ಅಲ್ಲೇ ಗಿರಗಿರ ಸುತ್ತುತ್ತಿತ್ತು. ಎರಡನೇ ಬೇಸಿಗೆಗೆ ಬ್ಯಾಟರಿಯೂ ಹೋಯ್ತು, ಕಂಪನಿಯವರು ಬಿಡಿಭಾಗ ಸಿಗಲ್ಲ ಅಂದುಬಿಟ್ಟರು.

ಪೂಲ್_ಸರ್ವೀಸ್_ಅಣ್ಣ
ನಾನು ಬೆಳ್ಳಂದೂರು, ಸರ್ಜಾಪುರ ರೋಡ್ ಕಡೆ ಅಪಾರ್ಟ್‌ಮೆಂಟ್ ಪೂಲುಗಳ ಮೆಂಟೇನೆನ್ಸ್ ಮಾಡ್ತೀನಿ. ಸಾರ್, ಸದ್ಯಕ್ಕೆ ಯಾವ ವ್ಯಾಕ್ಯೂಮೂ ತಗೋಬೇಡಿ.

ನಿಮ್ಮ ಹತ್ರ ಇರೋ ಗಾರ್ಡನ್ ಪೈಪ್ ವ್ಯಾಕ್ಯೂಮ್ ನಿಜವಾಗಿ ಹೀರಲ್ಲ. ತಲೆಯೊಳಗೆ ನಲ್ಲಿ ನೀರು ಮೇಲ್ಮುಖವಾಗಿ ಚಿಮ್ಮತ್ತೆ, ಆ ರಭಸಕ್ಕೆ ತಳದ ಕಸ ಜೊತೇಲಿ ಎದ್ದು ಚೀಲಕ್ಕೆ ಹೋಗತ್ತೆ. ಎಲೆಗೆ, ಹೂವಿಗೆ, ದಪ್ಪ ಮರಳಿಗೆ ಅದು ಸರಿ. ಪುಡಿ ಮಾತ್ರ ಚೀಲದ ಕಣ್ಣಲ್ಲಿ ತೂರಿ ವಾಪಸ್ ನೀರಿಗೇ ಬರತ್ತೆ. ಸಂಜೆ ನಿಮಗೆ ತಳ ಕ್ಲೀನ್ ಕಾಣೋದು ಪುಡಿ ನೀರಲ್ಲಿ ತೇಲ್ತಿರೋದರಿಂದ. ರಾತ್ರಿ ಪಂಪು ನಿಂತ ಮೇಲೆ ಇಳಿದು ಕೂರತ್ತೆ. ಬೆಳಿಗ್ಗೆ ನೀವು ನೋಡೋದು ನೆನ್ನೆಯ ಪುಡಿಯನ್ನೇ.

ಲಕ್ಷ ರೂಪಾಯಿಯ ಮೆಷೀನಾದರೂ ಕೇಳಬೇಕಾದ ಪ್ರಶ್ನೆ ಒಂದೇ. ಹೀರಿದ ನೀರು ಎಲ್ಲಿಗೆ ಹೋಗತ್ತೆ? ಫಿಲ್ಟರಿಗೆ ಹೋಗಿ ಪೂಲಿಗೇ ಬರೋದಾದರೆ ಆ ಪುಡಿ ಹಿಡಿಯೋ ತಾಕತ್ತು ಫಿಲ್ಟರಿಗೆ ಇರಬೇಕು. ಇಲ್ಲ ಅಂದ್ರೆ ಹೀರಿದ್ದನ್ನ ಪೂಲಿಂದ ಆಚೆಗೇ ಬಿಡಬೇಕು.

ಅದಕ್ಕಿಂತ ಮೊದಲು ಅದು ಏನು ಅಂತ ನೋಡಿ. ಬೆಳಿಗ್ಗೆ ಯಾರೂ ಇಳಿಯೋ ಮುಂಚೆ ಸಣ್ಣ ಪೈಪಿನ ಒಂದು ತುದಿಗೆ ಹೆಬ್ಬೆರಳು ಒತ್ತಿಕೊಂಡು ಇನ್ನೊಂದು ತುದಿ ಪುಡಿ ಮೇಲೆ ಇಟ್ಟು ಬೆರಳು ತೆಗೀರಿ. ಪುಡಿ ಪೈಪೊಳಗೆ ಏರತ್ತೆ. ಮತ್ತೆ ಬೆರಳು ಒತ್ತಿ ಮೇಲೆತ್ತಿ ಗಾಜಿನ ಲೋಟಕ್ಕೆ ಬಿಡಿ. ಕಲಕಿ. ಅರ್ಧ ನಿಮಿಷದಲ್ಲೇ ಕೆಳಗೆ ಕೂತರೆ ಮಣ್ಣು. ಮೋಡ ಮೋಡವಾಗಿ ತುಂಬಾ ಹೊತ್ತು ನಿಂತು, ಬೆರಳಿಗೆ ಸ್ವಲ್ಪ ಲೋಳೆ ಅನ್ನಿಸಿದರೆ ಪಾಚಿ. ನೆರಳಿನ ಕಡೆ ಜಾಸ್ತಿ ಅಂತ ಬರೆದಿದ್ದೀರ, ನನಗೆ ಅನುಮಾನ ಪಾಚಿ ಮೇಲೇನೇ.

ನಿವೃತ್ತ_ಆರೋಗ್ಯ_ನಿರೀಕ್ಷಕ
ಇನ್ನೊಂದನ್ನೂ ನೋಡಿ. ಬ್ಲೀಚಿಂಗ್ ಪುಡಿಯನ್ನು ನೇರವಾಗಿ ಎರಚುತ್ತೇವೆ ಎಂದಿದ್ದೀರಿ. ಆ ಪುಡಿಯಲ್ಲಿ ಒಳ್ಳೆಯ ಮಾಲಿನಲ್ಲಿ ಕೂಡ ಕ್ಲೋರಿನ್ ಅಂಶ ಮೂರನೇ ಒಂದು ಭಾಗದಷ್ಟು. ಉಳಿದದ್ದರಲ್ಲಿ ಬಹುಪಾಲು ಸುಣ್ಣ. ಅದು ಕರಗುವುದಿಲ್ಲ, ತಳದಲ್ಲಿ ಕೂರುತ್ತದೆ. ನಿಮ್ಮ ಬೂದು ಪುಡಿಯಲ್ಲಿ ಒಂದು ಪಾಲು ನೀವೇ ಹಾಕಿದ ಸುಣ್ಣ.

ಇಲಾಖೆಯಲ್ಲಿ ಊರ ಬಾವಿಗಳಿಗೆ ಬ್ಲೀಚಿಂಗ್ ಹಾಕುವಾಗ ಬಕೆಟ್ಟಿನಲ್ಲಿ ನೀರು ತೆಗೆದುಕೊಂಡು, ಪುಡಿಯನ್ನು ಕಲಸಿ, ಗಂಟಿಲ್ಲದಂತೆ ಮಾಡಿ, ಕಾಯುತ್ತಿದ್ದೆವು. ಸುಣ್ಣ ತಳಕ್ಕೆ ಇಳಿದ ಮೇಲೆ ಮೇಲಿನ ತಿಳಿಯನ್ನಷ್ಟೇ ಬಾವಿಗೆ ಬಿಡುವುದು, ಗಸಿಯನ್ನು ಆಚೆ ಚೆಲ್ಲುವುದು. ಕುಡಿಯುವ ಬಾವಿಗೆ 1,000 ಲೀಟರಿಗೆ 2.5 ಗ್ರಾಂ ಲೆಕ್ಕ. ಈಜುವ ನೀರಿಗೆ ಅದಕ್ಕಿಂತ ಹೆಚ್ಚು ಬೇಕು. ಅಂಗಡಿಯಲ್ಲಿ ಬಾಯಿ ಬಿಚ್ಚಿಟ್ಟ ಮೂಟೆಯ ಪುಡಿ ತಿಂಗಳುಗಟ್ಟಲೆ ಗಾಳಿಗೆ, ತೇವಕ್ಕೆ ಸತ್ತ್ವ ಕಳೆದುಕೊಂಡಿರುತ್ತದೆ. ಅಂದರೆ ನೀವು ಹಾಕುವುದು ಸುಣ್ಣ ಹೆಚ್ಚು, ಕ್ಲೋರಿನ್ ಕಡಿಮೆ. ಪಾಚಿ ಬೆಳೆಯುವುದರಲ್ಲಿ ಆಶ್ಚರ್ಯವಿಲ್ಲ.

ಯಾವಾಗಲೂ ನೀರಿಗೆ ಪುಡಿ ಹಾಕಬೇಕು, ಪುಡಿಯ ಮೇಲೆ ನೀರು ಸುರಿಯಬಾರದು. ಮುಖವನ್ನು ದೂರ ಇಟ್ಟುಕೊಂಡು, ಗಾಳಿ ಬರುವ ದಿಕ್ಕಿಗೆ ನಿಂತು ಕಲಸಿ.

ಮದ್ದೂರ್_ವಡೆ
ಸುಲಭದ ದಾರಿ ಇದೆಯಲ್ಲ. ಒಂದು ಹಿಡಿ ಮೈಲುತುತ್ತ ಹಾಕಿ. ನಮ್ಮ ತೋಟದ ತೊಟ್ಟಿಗೆ ಅಪ್ಪ ಅದನ್ನೇ ಹಾಕ್ತಿದ್ದರು. ಪಾಚಿ ಹತ್ತಿರಕ್ಕೆ ಬರಲ್ಲ.

ಪೂಲ್_ಸರ್ವೀಸ್_ಅಣ್ಣ
@ಮದ್ದೂರ್_ವಡೆ ತೋಟದ ತೊಟ್ಟಿಗೆ ಆಯ್ತು, ಮಕ್ಕಳು ಮುಳುಗೋ ನೀರಿಗೆ ಹಿಡಿ ಲೆಕ್ಕದಲ್ಲಿ ಬೇಡ. ಅದರಲ್ಲಿರೋದು ತಾಮ್ರ. ಜಾಸ್ತಿ ಆದ್ರೆ ಶೀಟಿನ ಮೇಲೆ ಕಲೆ ಕೂತುಕೊಂಡರೆ ಹೋಗಲ್ಲ. ಕೂದಲು ಹಸಿರು ತಿರುಗೋದಕ್ಕೂ ಜನ ಕ್ಲೋರಿನ್ನನ್ನ ಬೈತಾರೆ, ಕಾರಣ ತಾಮ್ರ. ತಾಮ್ರ ಹೋಗಲಿ ಅಂದ್ರೆ ಕೊನೆಗೆ ನೀರೇ ಬದಲಾಯಿಸಬೇಕು, ಅದೇ ಬೇಡ ಅಂತ ತಾನೆ ಇವರು ಕೇಳ್ತಿರೋದು.

ಧಾರವಾಡ_ಫೇಡೆ
ಅಲ್ರೀ, ಇಷ್ಟ್ಯಾಕ ಚಿಂತಿ? ಹಳೀ ಧೋತ್ರದ ಬಟ್ಟಿ ಎರಡು ಪದರ ಮಾಡಿ ಚೀಲ ಹೊಲಿಸ್ರಿ. ವ್ಯಾಕ್ಯೂಮಿನ ಜಾಳಿಗೆ ಚೀಲದ ಮ್ಯಾಲೆ ಅದನ್ನ ಕಟ್ರಿ. ನಮ್ಮನ್ಯಾಗ ಹಂಗ ಮಾಡೇವಿ. ಕೆಂಪು ಧೂಳೆಲ್ಲ ಅದರಾಗ ಸಿಗತೈತಿ. ಮಾತ್ರ ಪ್ರತಿ ಸಲಾನೂ ತಿರುವಿ ಹಾಕಿ ಒಗೀಬೇಕು, ಇಲ್ಲಂದ್ರ ನೀರು ಹಾಯೂದಿಲ್ಲ.

ಪೂಲ್_ಸರ್ವೀಸ್_ಅಣ್ಣ
@ಧಾರವಾಡ_ಫೇಡೆ ಮಣ್ಣಿಗೆ ನಿಮ್ಮ ಉಪಾಯ ಒಳ್ಳೇದೇ ರೀ. ಸತ್ತ ಪಾಚಿ ಅದರಲ್ಲೂ ನುಸುಳತ್ತೆ.

ನೀರುಳಿಸಿ
ನನಗೆ ಬೇರೆಯದೇ ಕೇಳಬೇಕಿದೆ. ಬೆಂಗಳೂರಿನಲ್ಲಿ ಬೇಸಿಗೆಯಲ್ಲಿ ಮನೆಮನೆಗೆ ಪೂಲ್ ಬೇಕೇ? 2024ರ ಮಾರ್ಚಿನಲ್ಲಿ ಜಲಮಂಡಳಿ ಈಜುಕೊಳಕ್ಕೆ ಕುಡಿಯುವ ನೀರು ಬಳಸಬಾರದು ಎಂದು 5,000 ರೂಪಾಯಿ ದಂಡ ಇಟ್ಟಿತ್ತು. ಆಗ ನಮ್ಮ ಬೀದಿಯಲ್ಲಿ ಬಿಂದಿಗೆ ಹಿಡಿದು ಟ್ಯಾಂಕರ್ ಹಿಂದೆ ನಿಂತಿದ್ದೇವೆ. ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ಪಂಪ್ ಆಗಿ ಬರುತ್ತದೆ. ಬೋರ್ ನೀರು ಅಂದರೆ ನಿಮ್ಮ ಸ್ವಂತದ್ದು ಎಂದೂ ಅಲ್ಲ, ಕೆಳಗಿರುವ ನೀರು ಇಡೀ ಬಡಾವಣೆಯದು.

ತುರಹಳ್ಳಿ_ಪಕ್ಕ
@ನೀರುಳಿಸಿ ನಿಮ್ಮ ಮಾತು ಪೂರ್ತಿ ಒಪ್ಪುತ್ತೇನೆ. ಅದಕ್ಕೇ ಒಂದು ಸಲ ತುಂಬಿದ ನೀರನ್ನು ಇಡೀ ಬೇಸಿಗೆ ಕಾಪಾಡಿಕೊಳ್ಳಬೇಕು ಅಂತ ಇಷ್ಟು ವಿಚಾರಿಸ್ತಿರೋದು. ನಮ್ಮ ಸುತ್ತ ಇಂಥ ಪೂಲ್ ಇರುವವರು ಹಸಿರಾದ ಕೂಡಲೇ ಚರಂಡಿಗೆ ಬಿಟ್ಟು ಮತ್ತೆ ಟ್ಯಾಂಕರ್ ತರಿಸುತ್ತಾರೆ. ಅದು ನೋಡೋಕೆ ಆಗಲ್ಲ.

ಹೊಂಗೆನೆರಳು
@ನೀರುಳಿಸಿ @ತುರಹಳ್ಳಿ ಇಬ್ಬರ ಮಾತಿಗೂ ಒಂದು ಲೆಕ್ಕ ಸೇರಿಸ್ತೀನಿ. ಬೇಸಿಗೆಯಲ್ಲಿ ಬಿಸಿಲಿಗೆ ದಿನಕ್ಕೆ ಐದಾರು ಮಿಲಿಮೀಟರ್ ನೀರು ಆವಿಯಾಗತ್ತೆ ಅಂತಿಟ್ಟುಕೊಳ್ಳಿ. 12 ಅಡಿ ದುಂಡಿನ ಪೂಲಿಗೆ ಅದು ಐವತ್ತು ಅರವತ್ತು ಲೀಟರ್. ಮೇಲೆ ಮುಚ್ಚಿಗೆ ಹಾಕಿದರೆ ಬಹುಪಾಲು ಉಳಿಯತ್ತೆ, ಕಸವೂ ಕಡಿಮೆ. ಇನ್ನು ಮಳೆ: 1,200 ಚದರ ಅಡಿ ತಾರಸಿ ಮೇಲೆ 20 ಮಿಲಿಮೀಟರ್ ಮಳೆ ಬಿದ್ದರೆ 2,200 ಲೀಟರ್ ಹತ್ತಿರ ಆಗತ್ತೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಒಂದೆರಡು ಸಿಕ್ಕಿದರೆ ಕಡಿಮೆಯಾದಷ್ಟನ್ನು ಅದರಲ್ಲೇ ತುಂಬಬಹುದು. ಮೊದಲ ಮಳೆಯ ಕೊಳೆ ನೀರು ಬಿಟ್ಟು, ಬಟ್ಟೆಯಲ್ಲಿ ಸೋಸಿ ಬಿಡಿ. ಮಳೆ ನೀರಲ್ಲಿ ಗಡಸು ಇಲ್ಲದ್ದರಿಂದ ಬೋರ್ ನೀರಿಗೆ ಬೆರೆತರೆ ಪೂಲಿಗೂ ಒಳ್ಳೆಯದೇ.

ರಾಜಾಜಿನಗರ_5ನೇ_ಬ್ಲಾಕ್
ಜಲಮಂಡಳಿ ಶುದ್ಧೀಕರಿಸಿದ ನೀರು ಮಾರತ್ತಲ್ಲ, ಅದನ್ನೇ ತುಂಬಿಸಬಹುದಲ್ವಾ?

ನಿವೃತ್ತ_ಆರೋಗ್ಯ_ನಿರೀಕ್ಷಕ
ಬೇಡ. ಅದು ಕೊಳಚೆ ನೀರನ್ನು ಶುದ್ಧೀಕರಿಸಿದ್ದು. ಕಟ್ಟಡ ಕೆಲಸಕ್ಕೆ, ಗಿಡಗಳಿಗೆ ಸರಿ. ಈಜುವಾಗ ಮಕ್ಕಳು ನೀರು ನುಂಗುತ್ತಾರೆ, ಕಣ್ಣು ಕಿವಿಗೆ ಹೋಗುತ್ತದೆ.

ಕರಾವಳಿ_ಹುಡುಗಿ
ಎಂಥ ಪೂಲ್ ಮಾರಾಯ್ರೆ, ನಾವೆಲ್ಲ ತೋಟದ ಕೆರೆಯಲ್ಲಿ ಎರಡು ಒಣ ತೆಂಗಿನಕಾಯಿ ಕಟ್ಟಿಕೊಂಡು ಈಜು ಕಲಿತದ್ದು. ಬೆಂಗಳೂರಿನ ಮಕ್ಕಳಿಗೆ ಆ ಅವಕಾಶ ಎಲ್ಲಿ ಉಂಟು. ಅದಕ್ಕೆ ಇವರು ಪೂಲ್ ಹಾಕಿದ್ದು ನನಗೆ ಸರಿ ಅನ್ನಿಸುತ್ತದೆ.

ಮದ್ದೂರ್_ವಡೆ
ನಮ್ಮ ಕಡೆ ಒಣಗಿದ ಸೋರೆ ಬುರುಡೆ ಬೆನ್ನಿಗೆ ಕಟ್ಟಿ ಬಾವಿಗೆ ಇಳಿಸೋರು. ಮಾವ ಮೇಲಿಂದ ಹಗ್ಗ ಹಿಡಿದಿರೋರು.

ಅಮ್ಮ_ಆಫೀಸ್_ಮನೆ
ಎರಡೂವರೆ ಅಡಿ ನೀರಲ್ಲಿ ಈಜು ಪೂರ್ತಿ ಬರಲ್ಲ, ನೀರಿನ ಭಯ ಹೋಗತ್ತೆ ಅಷ್ಟೇ. ಆಮೇಲೆ ಬಸವನಗುಡಿ ಅಕ್ವಾಟಿಕ್ ಸೆಂಟರೋ, ಸದಾಶಿವನಗರದ ಕೆ.ಸಿ. ರೆಡ್ಡಿ ಈಜುಕೊಳವೋ ಹತ್ತಿರ ಇರುವ ಕಡೆ ಸೇರಿಸಿ. ಮುಖ್ಯವಾಗಿ, ದೊಡ್ಡವರು ಇಲ್ಲದಾಗ ಏಣಿ ತೆಗೆದು ಒಳಗಿಡಿ. ಇಷ್ಟೇ ನೀರಿನಲ್ಲೂ ಸಣ್ಣ ಮಗು ಸದ್ದಿಲ್ಲದೆ ಮುಳುಗುತ್ತೆ. ಸೈಟಿಗೆ ಬೇಲಿ, ಬೀಗ ಇದೆಯಾ?

ತುರಹಳ್ಳಿ_ಪಕ್ಕ
@ಅಮ್ಮ_ಆಫೀಸ್_ಮನೆ ಇದೆ ಮೇಡಂ. ಕಾಂಪೌಂಡ್, ಗೇಟಿಗೆ ಬೀಗ, ಏಣಿ ರಾತ್ರಿ ಒಳಗೆ.

ಲೋಟದ ಪರೀಕ್ಷೆ ಮಾಡಿದೆ. ಒಂದು ತೆಳು ಪದರ ಕೆಂಪು ಮಣ್ಣು ತಕ್ಷಣ ಇಳಿಯಿತು. ಅದರ ಮೇಲೆ ಬೆಳ್ಳಗಿನದು ಸ್ವಲ್ಪ ಹೊತ್ತಿನಲ್ಲಿ ಕೂತಿತು. ಮೇಲಿನ ನೀರು ಮಧ್ಯಾಹ್ನದವರೆಗೂ ಮಬ್ಬು ಹಸಿರಾಗೇ ಇತ್ತು. ಶೀಟಿನ ನೆರಳಿನ ಬದಿಯನ್ನು ಬೆರಳಲ್ಲಿ ಉಜ್ಜಿದರೆ ಜಾರುತ್ತೆ. ಹಾಗಾದರೆ ಮೂರೂ ಇದೆ. ಮುಂದೇನು ಮಾಡಲಿ ಅಣ್ಣ?

ಪೂಲ್_ಸರ್ವೀಸ್_ಅಣ್ಣ
ಸರಿ. ಮೊದಲು ಪಾಚಿ ಸಾಯಬೇಕು, ಆಮೇಲೆ ವ್ಯಾಕ್ಯೂಮ್. ಜೀವ ಇರೋ ಪಾಚಿನ ಎಷ್ಟು ಎಳೆದರೂ ಉಳಿದ ಚೂರಿಂದ ಮತ್ತೆ ಹಬ್ಬತ್ತೆ.

ಬ್ಲೀಚಿಂಗ್ ಪುಡಿ ಬಿಟ್ಟುಬಿಡಿ. ಪೂಲ್ ಸಾಮಾನಿನ ಅಂಗಡೀಲಿ 65 ಪರ್ಸೆಂಟ್ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಹರಳು ಕೇಳಿ. ಜೊತೆಗೆ ಡ್ರಾಪ್ ಹಾಕಿ ಬಣ್ಣ ನೋಡೋ ಟೆಸ್ಟ್ ಕಿಟ್ಟು, ಅದು ಇಲ್ಲದೆ ಏನೂ ಗೊತ್ತಾಗಲ್ಲ. ಪಿಎಚ್ (ನೀರು ಹುಳಿಯೋ ಕ್ಷಾರವೋ ಅನ್ನೋ ಅಳತೆ) 7.2ರಿಂದ 7.6ರ ಒಳಗೆ ಇರಲಿ. ನಮ್ಮ ಬೋರ್ ನೀರಲ್ಲಿ ಸಾಮಾನ್ಯವಾಗಿ ಮೇಲೇನೇ ಇರತ್ತೆ, ಪಿಎಚ್ ಏರಿದರೆ ಕ್ಲೋರಿನ್ ಮಂದ ಆಗತ್ತೆ.

ಸಂಜೆ ಹೊತ್ತು ಇಳಿದ ಮೇಲೆ ಶುರು ಮಾಡಿ, ಬಿಸಿಲಿಗೆ ಕ್ಲೋರಿನ್ ಹಾರಿಹೋಗತ್ತೆ. ಮೆತ್ತನೆ ಬ್ರಷ್ಷಲ್ಲಿ ಗೋಡೆ, ಮಡಿಕೆ, ಏಣಿ ಕಾಲು ಎಲ್ಲ ಉಜ್ಜಿ. ನಿಮ್ಮ 6,500 ಲೀಟರಿಗೆ 100 ಗ್ರಾಂ ಹರಳು ಬಕೆಟ್ ನೀರಲ್ಲಿ ಕರಗಿಸಿ, ಸುತ್ತಲೂ ಸ್ವಲ್ಪ ಸ್ವಲ್ಪವಾಗಿ ಬಿಡಿ. ಕ್ಲೋರಿನ್ 10 ಪಿಪಿಎಂ (ಲೀಟರಿಗೆ 10 ಮಿಲಿಗ್ರಾಂ) ಆಸುಪಾಸು ಬರತ್ತೆ. ರಾತ್ರಿ ಪೂರ್ತಿ ಪಂಪು ಓಡಲಿ. ಬೆಳಿಗ್ಗೆ ಟೆಸ್ಟ್ ಮಾಡಿ. ರಾತ್ರಿಯಲ್ಲೇ ಕ್ಲೋರಿನ್ ಖಾಲಿ ಆಗಿದ್ದರೆ ಪಾಚಿ ಇನ್ನೂ ಇದೆ, ಸಂಜೆ ಮತ್ತೆ ಹಾಕಿ. ರಾತ್ರಿ ಇದ್ದಷ್ಟೇ ಬೆಳಿಗ್ಗೆಯೂ ಹೆಚ್ಚುಕಮ್ಮಿ ಉಳಿದಿದ್ದರೆ ಗೆದ್ದಿರಿ. ಹಸಿರು ಹೋಗಿ ಎಲ್ಲ ಬೂದು ತಿರುಗಿರತ್ತೆ. 3 ಪಿಪಿಎಂಗೆ ಇಳಿಯೋವರೆಗೆ ಯಾರೂ ಇಳೀಬೇಡಿ.

ಆ ಬೂದು ಪುಡಿನ ನಿಮ್ಮ ಕಾರ್ಟ್ರಿಡ್ಜ್ ಹಿಡಿಯೋದು ಕಷ್ಟ. ಇಲ್ಲಿ ಪಟಿಕ ಕೆಲಸಕ್ಕೆ ಬರತ್ತೆ. 300 ಗ್ರಾಂ ಬಿಸಿನೀರಲ್ಲಿ ಕರಗಿಸಿ, ಪೂಲಿಗೆ ಬಿಟ್ಟು ಬ್ರಷ್ಷಲ್ಲಿ ಒಂದು ಸುತ್ತು ಕದಡಿ, ಪಂಪು ಆಫ್ ಮಾಡಿ. ಪಂಪು ಓಡಿಸಿದರೆ ಆ ಅಂಟು ಎಲ್ಲ ಕಾರ್ಟ್ರಿಡ್ಜಿಗೆ ಮೆತ್ತಿಕೊಂಡು ಅದು ಹಾಳು. ರಾತ್ರಿ ಯಾರೂ ನೀರು ಮುಟ್ಟಬೇಡಿ. ಬೆಳಿಗ್ಗೆಗೆ ಪುಡಿ ಗರಣೆ ಕಟ್ಟಿ ತಳಕ್ಕೆ ಕೂತಿರತ್ತೆ, ಮೇಲೆ ತಿಳಿ ನೀರು.

ಈಗ ವ್ಯಾಕ್ಯೂಮ್. ಪಂಪಿಗೆ ಜೋಡಿಸೋದು ಬೇಡ, ಕೋಲಿನ ಕಿಟ್ಟುಗಳಿಗೆ ಗಂಟೆಗೆ 3,000 ಲೀಟರ್ ಪಂಪಾದರೂ ಇರಬೇಕು, ನಿಮ್ಮದು ಸಾಲದು. ಸೈಫನ್ ಸಾಕು, ಅಂದ್ರೆ ನೀರು ಪೈಪಲ್ಲಿ ತಾನಾಗೇ ತಗ್ಗಿಗೆ ಇಳಿಯೋ ಹಾಗೆ ಮಾಡೋದು. ಅಡಿಯಲ್ಲಿ ಬ್ರಷ್ ಇರೋ ತ್ರಿಕೋನ ತಲೆ ಸಿಗತ್ತೆ, ಶೀಟಿನ ಪೂಲಿಗೆ ಅದೇ. ಚಕ್ರ, ಕಬ್ಬಿಣದ ತೂಕ ಇರೋದು ಬೇಡ, ಶೀಟು ಗೀರತ್ತೆ. ಅದಕ್ಕೆ ಸರಿಯಾದ ದಪ್ಪ ಪೈಪು. ಪೈಪಿನ ಸುರುಳಿ ಪೂರ್ತಿ ನೀರೊಳಗೆ ಮುಳುಗಿಸಿ, ಗುಳ್ಳೆ ಬರೋದು ನಿಲ್ಲೋವರೆಗೂ ಬಿಡಿ. ಒಳಗೆ ಗಾಳಿ ಉಳಿದರೆ ಸೈಫನ್ ಹಿಡಿಯಲ್ಲ. ಆಚೆ ತುದಿಯನ್ನ ಅಂಗೈಯಿಂದ ಮುಚ್ಚಿಕೊಂಡೇ ಹೊರಗೆ ತಂದು, ಪೂಲಿನ ತಳಕ್ಕಿಂತ ಕೆಳಗಿರೋ ಜಾಗಕ್ಕೆ ಬಿಡಿ. ಬಾಯಲ್ಲಿ ಎಳೀಬೇಡಿ.

ಪೂಲೊಳಗೆ ಇಳೀಬೇಡಿ, ಹೊರಗೇ ನಿಂತು ಕೋಲು ಹಿಡೀರಿ. ನಿಧಾನ, ತುಂಬಾ ನಿಧಾನ. ಒಂದು ಗೆರೆ ಎಳೆದು, ಅದರ ಪಕ್ಕ ಸ್ವಲ್ಪ ಮೇಲೇರಿಕೊಂಡ ಹಾಗೆ ಇನ್ನೊಂದು ಗೆರೆ. ತಲೆಯ ಮುಂದೆ ಪುಡಿ ಏಳೋಕೆ ಶುರುವಾದರೆ ಕೈ ಜೋರಾಯ್ತು ಅಂತ. ಅಲ್ಲೇ ನಿಲ್ಲಿಸಿ, ಕೂರೋಕೆ ಬಿಟ್ಟು ಮುಂದುವರಿಸಿ.

ನೀರು ಒಂದು ಇಂಚು ಇಳಿದರೆ ನಿಮ್ಮ ಪೂಲಿಗೆ ಸುಮಾರು 270 ಲೀಟರ್. ಒಂದು ಒಂದೂವರೆ ಇಂಚಲ್ಲಿ ಕೆಲಸ ಮುಗೀಬೇಕು. 6,500 ಚೆಲ್ಲೋದರ ಮುಂದೆ ಅದೇನೂ ಅಲ್ಲ.

ಹೊಂಗೆನೆರಳು
ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ. ಇದನ್ನು ಉಳಿಸಿಕೊಳ್ತೀನಿ. ಒಂದು ಪ್ರಶ್ನೆ, ಕ್ಲೋರಿನ್ ಮಾತ್ರೆಗಳನ್ನು ತೇಲುವ ಡಬ್ಬಿಯಲ್ಲಿ ಹಾಕಿ ಬಿಡ್ತಾರಲ್ಲ, ಅದು ಸುಲಭ ಅಲ್ವಾ?

ಪೂಲ್_ಸರ್ವೀಸ್_ಅಣ್ಣ
ಅದು ಟಿಸಿಸಿಎ ಅನ್ನೋ ಬೇರೆ ಥರದ ಕ್ಲೋರಿನ್. ದಿನನಿತ್ಯಕ್ಕೆ ಒಳ್ಳೇದೇ, ಸುಣ್ಣ ಬಿಡಲ್ಲ. 6,500 ಲೀಟರಿಗೆ 15 ಗ್ರಾಂ ಹಾಕಿದರೆ 2 ಪಿಪಿಎಂ ಬರತ್ತೆ. ಆದರೆ ಕರಗಿದಾಗೆಲ್ಲ ಸಯನ್ಯೂರಿಕ್ ಆಸಿಡ್ ಬಿಡತ್ತೆ. ಅದು 30ರಿಂದ 50 ಪಿಪಿಎಂ ಇದ್ದರೆ ಬಿಸಿಲಿಂದ ಕ್ಲೋರಿನ್ನನ್ನ ಕಾಪಾಡತ್ತೆ, ಅದಕ್ಕಿಂತ ತುಂಬಾ ಮೇಲೆ ಹೋದರೆ ಕ್ಲೋರಿನ್ ಇದ್ದೂ ಕೆಲಸ ಮಾಡಲ್ಲ. ಅದು ಹಾರಿಹೋಗೋದೂ ಇಲ್ಲ, ನೀರು ಬದಲಾಯಿಸಿದರೇ ಇಳಿಯೋದು. ಹೀಗಾಗಿ ಒಂದಷ್ಟು ದಿನ ಮಾತ್ರೆ, ಆಮೇಲೆ ಹರಳು.

ದಯವಿಟ್ಟು ಎರಡನ್ನೂ ಒಂದೇ ಡಬ್ಬದಲ್ಲಿ, ಒಂದೇ ಚಮಚದಲ್ಲಿ ಮುಟ್ಟಬೇಡಿ. ಟಿಸಿಸಿಎ, ಹೈಪೋಕ್ಲೋರೈಟ್ ಒಣದಾಗಿ ಸೇರಿದರೆ ಬೆಂಕಿ ಹತ್ತತ್ತೆ, ಸಿಡಿಯತ್ತೆ. ಬಾತ್‌ರೂಮ್ ತೊಳೆಯೋ ಆಸಿಡ್ ಹತ್ರಾನೂ ಇಡಬೇಡಿ, ಸೇರಿದರೆ ಕ್ಲೋರಿನ್ ಗಾಳಿ ಬರತ್ತೆ. ನಮ್ಮ ಹುಡುಗರಿಗೆ ಕೆಲಸಕ್ಕೆ ಸೇರಿದ ದಿನವೇ ಮೊದಲು ಹೇಳೋ ಮಾತು ಇದು.

ಯಲಹಂಕ_ತಾರಸಿ
ನಮಗೆ ಸೈಟಿಲ್ಲ, 10 ಅಡಿಯದನ್ನು ತಾರಸಿ ಮೇಲೆ ಇಡೋಣ ಅಂತಿದ್ದೀವಿ. ಅಲ್ಲಿ ಕಸಾನೂ ಕಡಿಮೆ ಬೀಳಬಹುದು ಅಲ್ವಾ?

ಸಿವಿಲ್_ಕಾಂಕ್ರೀಟ್
@ಯಲಹಂಕ_ತಾರಸಿ ಇಡಬೇಡಿ. 10 ಅಡಿ, 30 ಇಂಚಿನ ಪೂಲಿನಲ್ಲಿ ಸುಮಾರು 4,485 ಲೀಟರ್ ನೀರು, ಅಂದರೆ ನಾಲ್ಕೂವರೆ ಟನ್. ಅದು ಕೂರುವ ಜಾಗ 7.3 ಚದರ ಮೀಟರ್. ಚದರ ಮೀಟರಿಗೆ 600 ಕಿಲೋ ದಾಟಿತು. ಮನೆಯ ತಾರಸಿಯನ್ನು ಐಎಸ್ 875 (ಕಟ್ಟಡದ ಭಾರದ ಲೆಕ್ಕಕ್ಕೆ ಇರುವ ಭಾರತೀಯ ಮಾನದಂಡ) ಪ್ರಕಾರ ಸಾಮಾನ್ಯವಾಗಿ ಚದರ ಮೀಟರಿಗೆ 150 ಕಿಲೋ ಓಡಾಟದ ಭಾರಕ್ಕೆ ಲೆಕ್ಕ ಹಾಕಿರುತ್ತಾರೆ. ನಾಲ್ಕು ಪಟ್ಟು ಆಗುತ್ತದೆ, ಮೇಲೆ ಜನರ ತೂಕ ಬೇರೆ.

ಯಲಹಂಕ_ತಾರಸಿ
ಸಿಂಟೆಕ್ಸ್ ಟ್ಯಾಂಕ್ ಇಡ್ತೀವಲ್ಲ ಸಾರ್?

ಸಿವಿಲ್_ಕಾಂಕ್ರೀಟ್
ಟ್ಯಾಂಕನ್ನು ಕಂಬ, ತೊಲೆ ಇರುವ ಜಾಗ ನೋಡಿ ಅದರ ಮೇಲೆ ಕೂರಿಸುತ್ತಾರೆ, ಸ್ಲ್ಯಾಬಿನ ನಡುವೆ ಅಲ್ಲ. ನಿಮ್ಮ ಮನೆಯ ನಕ್ಷೆ ಮಾಡಿದ ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡಿ ಬರೆದುಕೊಡದೆ ಒಂದು ಬಕೆಟ್ಟೂ ತುಂಬಬೇಡಿ. ಕೆಳಗೆ ಮಲಗುವವರು ನಿಮ್ಮ ಮನೆಯವರೇ.

ಯಲಹಂಕ_ತಾರಸಿ
ಅರ್ಥ ಆಯ್ತು. ಕೈ ಬಿಟ್ಟೆವು. ಧನ್ಯವಾದ.

ತುರಹಳ್ಳಿ_ಪಕ್ಕ
ಅಪ್‌ಡೇಟ್. ಹರಳು ಹಾಕಿದ ಮೊದಲ ರಾತ್ರಿ ಕ್ಲೋರಿನ್ ಪೂರ್ತಿ ಖಾಲಿ, ಟೆಸ್ಟ್ ಟ್ಯೂಬಿನಲ್ಲಿ ಹಳದಿ ಬಣ್ಣವೇ ಬರಲಿಲ್ಲ. ಬಿಡದೆ ಸಂಜೆ ಸಂಜೆ ಹಾಕುತ್ತಾ ಹೋದ ಮೇಲೆ ಉಳಿಯೋಕೆ ಶುರುವಾಯಿತು, ಗೋಡೆ ಜಾರೋದು ನಿಂತಿತು. ಪಟಿಕ ಹಾಕಿದ ಮರುದಿನ ಬೆಳಿಗ್ಗೆ ತಳದಲ್ಲಿ ಸಣ್ಣ ಸಣ್ಣ ಬೂದು ಉಂಡೆಗಳು ಸಾಲಾಗಿ ಕೂತಿದ್ದವು, ನೀರು ತಿಳಿ, ಶೀಟಿನ ಮೇಲಿನ ಅಕ್ಷರ ಓದಬಹುದಿತ್ತು. ಸೈಫನ್ನಲ್ಲಿ ಎಳೆದೆ. ಅಣ್ಣ ಹೇಳಿದ ಹಾಗೆ ಕೈ ಸ್ವಲ್ಪ ಜೋರಾದರೂ ಏಳುತ್ತೆ. ಪೈಪಿನ ತುದಿಯಲ್ಲಿ ಮೊದಲು ಬಂದದ್ದು ಮಜ್ಜಿಗೆ ಬಣ್ಣದ ನೀರು, ಕೊನೆಗೆ ತಿಳಿ. ಪೂಲ್_ಸರ್ವೀಸ್_ಅಣ್ಣನಿಗೆ, ನಿರೀಕ್ಷಕ ಸಾರ್‌ಗೆ ತುಂಬಾ ಧನ್ಯವಾದ.

ಈಗ ಹೊಸದೊಂದು ಕಣ್ಣಿಗೆ ಬಿತ್ತು. ನೀರಿನ ಮಟ್ಟದಲ್ಲಿ ಶೀಟಿಗೆ ಸುತ್ತಲೂ ಜಿಡ್ಡಿನ ಕಂದು ಪಟ್ಟಿ.

ಅಮ್ಮ_ಆಫೀಸ್_ಮನೆ
ಅದು ಕೊಬ್ಬರಿ ಎಣ್ಣೆ! ಮಕ್ಕಳ ತಲೆಗೆ ಎಣ್ಣೆ ಹಚ್ಚಿ ಜಡೆ ಹಾಕಿ ಹಾಗೇ ಇಳಿಸ್ತೀವಲ್ಲ. ಇಳಿಯೋ ಮುಂಚೆ ತಲೆಗೂ ಮೈಗೂ ಎರಡು ಚೊಂಬು ನೀರು ಹುಯ್ದು ಬಿಡಿ. ಪಟ್ಟಿಗೆ ಒದ್ದೆ ಸ್ಪಂಜಿನ ಮೇಲೆ ಅಡುಗೆ ಸೋಡ ಹಾಕಿ ಮೆತ್ತಗೆ ಒರೆಸಿ, ಬರತ್ತೆ. ಪಾತ್ರೆ ಸೋಪು ಬೇಡ, ಪಂಪು ಹಾಕಿದರೆ ನೊರೆ ಏಳತ್ತೆ.

ಇನ್ನೊಂದು, ಹತ್ತಿ ಬಟ್ಟೆಯಲ್ಲಿ ಇಳಿಸಬೇಡಿ. ಅದರ ಜುಂಗು ಕಾರ್ಟ್ರಿಡ್ಜಿನ ಮಡಿಕೆಯಲ್ಲಿ ಸಿಕ್ಕಿಕೊಳ್ಳತ್ತೆ. ನಮ್ಮತ್ತೆ ಸೀರೆಯಲ್ಲೇ ಕೂತಿದ್ದರು ಒಂದು ದಿನ, ಅವರಿಗೆ ಅಷ್ಟು ಖುಷಿ, ಬೇಡ ಅನ್ನೋಕೆ ಮನಸ್ಸು ಬರಲಿಲ್ಲ. ಆಮೇಲೆ ಮಡಿಕೆ ಮಡಿಕೆಯಿಂದ ನೂಲು ತೆಗೆದೆ.

ನಿವೃತ್ತ_ಆರೋಗ್ಯ_ನಿರೀಕ್ಷಕ
ಮಕ್ಕಳಿಗೆ ಕಣ್ಣು ಉರಿ ಬಂದರೆ, ಘಾಟು ವಾಸನೆ ಬಂದರೆ ಕ್ಲೋರಿನ್ ಹೆಚ್ಚಾಯಿತು ಎಂದು ನಿಲ್ಲಿಸಿಬಿಡಬೇಡಿ. ಬೆವರು, ಮೂತ್ರ ಕ್ಲೋರಿನ್ನಿನ ಜೊತೆ ಸೇರಿ ಆಗುವ ಕ್ಲೋರಮೈನಿನ ವಾಸನೆ ಅದು. ಸರಿಯಾಗಿರುವ ನೀರಿಗೆ ಹೆಚ್ಚು ವಾಸನೆ ಇರುವುದಿಲ್ಲ. ಇಳಿಯುವ ಮೊದಲು ಮೂತ್ರಕ್ಕೆ ಕಳಿಸಿ, ಸ್ನಾನ ಮಾಡಿಸಿ. ಅರ್ಧ ಔಷಧಿ ಉಳಿಯುತ್ತದೆ.

ಧಾರವಾಡ_ಫೇಡೆ
ಕಾಗಿ ಕಾಟ ಇಲ್ಲೇನ್ರಿ ನಿಮಗ? ನಮ್ಮ ಪೂಲಿನ್ಯಾಗ ಕಾಗಿ ಒಣ ರೊಟ್ಟಿ ತಂದು ನೆನಸತಾವ.

ತುರಹಳ್ಳಿ_ಪಕ್ಕ
ನಮಗೆ ಕೋತಿಗಳು. ನೀರು ಕುಡಿಯೋಕೆ ಬಂದು ಅಂಚಿನ ಮೇಲೆ ಕೂರುತ್ತವೆ. ಬೇರೆ ಕಡೆ ಒಂದು ತೊಟ್ಟಿಯಲ್ಲಿ ನೀರಿಟ್ಟ ಮೇಲೆ ಈ ಕಡೆ ಬರೋದು ಕಡಿಮೆಯಾಗಿದೆ.

ನೀರುಳಿಸಿ
ಒಳ್ಳೆಯ ಕೆಲಸ ಮಾಡಿದಿರಿ. ಪೂಲಿನ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ, ಆದರೆ ನೀರು ಚೆಲ್ಲದೆ ಸರಿ ಮಾಡಿದ್ದು ಸಂತೋಷ. ಸೊಳ್ಳೆಯ ಕಡೆಗೂ ಗಮನ ಕೊಡಿ. ಈ ರಾಜ್ಯದಲ್ಲಿ 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ಕಾಯಿಲೆ ಎಂದೇ ಘೋಷಿಸಿದ್ದರು.

ನಿವೃತ್ತ_ಆರೋಗ್ಯ_ನಿರೀಕ್ಷಕ
ಕ್ಲೋರಿನ್ ಇದ್ದು ಪಂಪು ಓಡುವ ನೀರಿನಲ್ಲಿ ಸೊಳ್ಳೆ ಮರಿ ಮಾಡುವುದಿಲ್ಲ. ಅಪಾಯ ಇರುವುದು ಮುಚ್ಚಿಗೆಯ ಮೇಲೆ. ಮಳೆ ಬಂದಾಗ ಅದರ ಗುಂಡಿಯಲ್ಲಿ ನಿಂತ ನೀರು ಈಡಿಸ್ ಸೊಳ್ಳೆಗೆ ಸಾಕು. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ವಾರ, ಹತ್ತು ದಿನ. ಮುಚ್ಚಿಗೆಯ ನಡುವೆ ಒಂದು ದೊಡ್ಡ ಚೆಂಡು ತೇಲಿಬಿಟ್ಟು ಇಳಿಜಾರು ಮಾಡಿ, ಮಳೆ ನಿಂತ ಮೇಲೆ ಒಮ್ಮೆ ಕೊಡವಿ.

ಸಿವಿಲ್_ಕಾಂಕ್ರೀಟ್
ಪಂಪಿನ ವಿದ್ಯುತ್ ಬಗ್ಗೆ ಯಾರೂ ಕೇಳಲಿಲ್ಲ. ಎಕ್ಸ್‌ಟೆನ್ಷನ್ ಬೋರ್ಡು ಹುಲ್ಲಿನ ಮೇಲೆ ಇಟ್ಟು ಓಡಿಸುತ್ತಿದ್ದರೆ ಇವತ್ತೇ ತೆಗೆಯಿರಿ. ಗೋಡೆಗೆ ಮಳೆ ತಾಗದ ಸಾಕೆಟ್, ಸರಿಯಾದ ಅರ್ಥಿಂಗ್, 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದ ಕೂಡಲೇ ತಾನೇ ಆಫ್ ಆಗುವ ಸ್ವಿಚ್ಚು). ಮಕ್ಕಳು ನೀರಲ್ಲಿರುವಾಗ ಪಂಪು ಆಫ್.

ತುರಹಳ್ಳಿ_ಪಕ್ಕ
@ಸಿವಿಲ್_ಕಾಂಕ್ರೀಟ್ ಆರ್‌ಸಿಸಿಬಿ ಇದೆ ಸಾರ್, ಸಾಕೆಟ್ ಎತ್ತರದಲ್ಲೇ ಇದೆ. ಈಜುವಾಗ ಆಫ್ ಮಾಡ್ತೀವಿ.

ಹೊಂಗೆನೆರಳು
ಜೂನ್‌ನಲ್ಲಿ ಸ್ಕೂಲು ಶುರುವಾದ ಮೇಲೆ ಪೂಲ್ ಬಿಚ್ಚಬೇಕಲ್ಲ, ಆಗ ಆ ನೀರನ್ನು ಗಿಡಕ್ಕೆ ಬಿಡಬಹುದಾ? ನಮ್ಮದರಲ್ಲೂ ನಾಲ್ಕೈದು ಸಾವಿರ ಲೀಟರ್ ಇರತ್ತೆ.

ಪೂಲ್_ಸರ್ವೀಸ್_ಅಣ್ಣ
ಬಿಡಬಹುದು. ಕ್ಲೋರಿನ್ ಹಾಕೋದು ನಿಲ್ಲಿಸಿ, ಮುಚ್ಚಿಗೆ ತೆಗೆದು ಬಿಸಿಲಿಗೆ ಬಿಡಿ. ಟೆಸ್ಟಲ್ಲಿ ಸೊನ್ನೆ ಬಂದ ಮೇಲೆ ತೆಂಗು, ಹೊಂಗೆ, ಲಾನ್ ಎಲ್ಲಕ್ಕೂ ನಿಧಾನವಾಗಿ ಹರಿಸಿ. ಕ್ಲೋರಿನ್ ಸೊನ್ನೆ ಆದ ನೀರನ್ನ ಹಾಗೇ ಇಟ್ಟುಕೊಂಡು ಕೂರಬೇಡಿ, ಪಾಚಿಯೂ ಸೊಳ್ಳೆಯೂ ಶುರುವಾಗತ್ತೆ. ತಳದ ಪಟಿಕದ ಗಸಿ ಮಾತ್ರ ಗಿಡಕ್ಕೆ ಬೇಡ. ಕ್ಲೋರಿನ್ ಇರೋ ನೀರನ್ನ ಇಂಗುಗುಂಡಿಗೂ ಬಿಡಬೇಡಿ.

ಶೀಟು ಬಿಚ್ಚಿದ ಮೇಲೆ ಒರೆಸಿ, ನೆರಳಲ್ಲಿ ಪೂರ್ತಿ ಒಣಗಿಸಿ, ಮಡಿಕೆ ಮಡಿಕೆಗೂ ಟಾಲ್ಕಂ ಪೌಡರ್ ಹಾಕಿ ಮಡಚಿ. ಸಡಿಲವಾಗಿ ಮಡಚಿ, ಒತ್ತಿ ಗೆರೆ ಮಾಡಿದರೆ ಅಲ್ಲೇ ಬಿರುಕು ಬಿಡತ್ತೆ. ಮುಚ್ಚಳ ಇರೋ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಇಡಿ, ಗೋಣಿಚೀಲದಲ್ಲಿ ಇಟ್ಟರೆ ಇಲಿ ಕಡಿಯತ್ತೆ. ಕಾರ್ಟ್ರಿಡ್ಜ್ ಹಳೇದು ಇಡಬೇಡಿ, ಮುಂದಿನ ವರ್ಷಕ್ಕೆ ಹೊಸದು ತಗೊಳ್ಳಿ.

ಹೊಂಗೆನೆರಳು
ಸರಿ ಅಣ್ಣ. ಡ್ರಮ್ ಇದೆ.